ಗುಳ್ಳೆ ಮತ್ತು ಮರಳಿನ ಪೆಟ್ಟಿಗೆ

ದೊಡ್ಡ ಮೇಸ್ತ್ರಿ ತನ್ನ ಮರಗೆಲಸದ ಕಾರ್ಖಾನೆಯ ಅಟ್ಟದ ಮೇಲಿಂದ ಮರಳಿನ ಪೆಟ್ಟಿಗೆಯನ್ನು ಕೆಳಗಿಳಿಸಿ, ಬಾಗಿಲ ಬಳಿ ಬೆಳಕು ಬೀಳುವ ಕಡೆ ಇಟ್ಟು, ಹೆಗಲ ಮೇಲಿನ ಬಟ್ಟೆಯಿಂದ ಅದರ ಧೂಳು ಹೊಡೆದ. ಕಳೆದುಹೋಗಿದ್ದ ಹಳೆಯ ಗೆಳೆಯ ಸಿಕ್ಕಿದ ಹಾಗಿತ್ತು ಅವನ ಮುಖ. ಮೇಜಿನ ಹತ್ತಿರ ಬಾಗಿಲ ಚೌಕಟ್ಟಿಗೆ ಕಚ್ಚು ಕೊರೆಯುತ್ತಿದ್ದ ಅವನ ಮಗಳು ಉಳಿಯನ್ನು ಕೆಳಗಿಟ್ಟಳು. ಆ ಪೆಟ್ಟಿಗೆ ತನ್ನ ಪುಟ್ಟ ಮಗಳಿಗಾಗಿ ಇಳಿಯಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಶಾಲೆ ಶುರುವಾಗೋಕೆ ಮುಂಚೆ ಮಗೂನ ಇದರಲ್ಲಿ ನಿಲ್ಲಿಸ್ಬೇಕು," ಎಂದ ಮೇಸ್ತ್ರಿ. "ಪಾದ ಗಟ್ಟಿ ಆಗ್ದೆ ಅಷ್ಟು ದೂರ ಹೇಗೆ ನಡೀತಾಳೆ? ನೀನು ಎತ್ಕೊಂಡು ಹೋಗ್ತೀಯಾ?"

"ಬೇಕಾದ್ರೆ ಎತ್ಕೊಂಡೇ ಹೋಗ್ತೀನಿ."

"ಮದುವೆ ಆಗೋ ತನಕಾನಾ?"

"ಅಪ್ಪ, ಅದನ್ನ ವಾಪಸ್ ಮೇಲಿಡು."

"ನಿನ್ನನ್ನ ಇದೇ ಪೆಟ್ಟಿಗೇಲಿ ನಿಲ್ಲಿಸಿದ್ದೆ. ಈಗ ನೋಡು, ನನ್ನ ಮುಂದೇನೇ ನಿಂತು ನಂಗೇ ಮಾತು ಹೇಳೋವಷ್ಟು ಗಟ್ಟಿ ಆಗಿದೀಯ!"

ಮೂಲೆಯಲ್ಲಿ ಬಾಗಿಲಿಗೆ ಅರಗು ಬಳಿಯುತ್ತಿದ್ದ ಅಳಿಯ ಕೆಮ್ಮಿದ. ಅವನನ್ನು ಎಲ್ಲರೂ ಪಾಲಿಶ್ ಎಂದೇ ಕರೆಯುತ್ತಿದ್ದರು. ಮಾವನಿಗೂ ಹೆಂಡತಿಗೂ ಮಾತು ಹತ್ತಿದಾಗ ಕೆಮ್ಮುವುದು ಬಿಟ್ಟು ಬೇರೆ ಅಭಿಪ್ರಾಯ ಕೊಟ್ಟವನಲ್ಲ.

ಪೆಟ್ಟಿಗೆ ನೋಡಲಿಕ್ಕೆ ಏನೂ ಅಲ್ಲ. ಅಗಲವಾಗಿತ್ತು, ಆಳವಿರಲಿಲ್ಲ. ಗಟ್ಟಿ ಮರದ್ದು. ನಾಲ್ಕು ಮೂಲೆಯಲ್ಲೂ ಹಲ್ಲಿಗೆ ಹಲ್ಲು ಕಚ್ಚಿಸಿದ ಜೋಡಣೆ, ಒಂದು ಮೊಳೆಯಿಲ್ಲ. ಒಳಗೆ ದಪ್ಪ ಮರಳು. ಆ ಕಾರ್ಖಾನೆಗೆ ಕೆಲಸ ಕಲಿಯಲು ಬಂದವರೆಲ್ಲ ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಅದರೊಳಗೆ ನಿಂತು ತುಳಿಯಬೇಕು. ಆಮೇಲೆ ಉಜ್ಜದ ಹಲಗೆಯ ಮೇಲೆ ಅಂಗೈ ತಿಕ್ಕಬೇಕು, ಕೊನೆಗೆ ಪಟಿಕದ ನೀರಿನಲ್ಲಿ ಕೈಕಾಲು ಅದ್ದಬೇಕು. ಪಳಗದ ಕೈಗೆ ಉಳಿ ಕೊಡಬಾರದು ಎನ್ನುವುದು ಮೇಸ್ತ್ರಿಯ ತಾತನ ಕಾಲದ ಕಟ್ಟಳೆ. ಬಂದವರ ಕೈಗಳು ಮೊದಲು ಕೆಂಪಾಗುತ್ತಿದ್ದವು, ಉರಿಯುತ್ತಿದ್ದವು, ಆಮೇಲೆ ನಿಧಾನಕ್ಕೆ ದಪ್ಪಗಾಗಿ ಚಪ್ಪಲಿಯ ಅಟ್ಟೆಯಂತಾಗುತ್ತಿದ್ದವು. ಕಣ್ಣೆದುರಿಗೇ ಕಾಣುವ ಸಂಗತಿ. ಅದನ್ನು ಸುಳ್ಳು ಅನ್ನಲು ಯಾರಿಗೂ ಬಾಯಿ ಬರುವಂತಿರಲಿಲ್ಲ.

ಮೇಸ್ತ್ರಿಯ ಮಗಳ ವಿಷಯದಲ್ಲಿ ಮಾತ್ರ ಆ ಸಂಗತಿ ಕಾಲು ಮುರಿದುಕೊಂಡು ಕೂತಿತು. ಅವಳನ್ನು ಅದರೊಳಗೆ ನಿಲ್ಲಿಸಿದಾಗ ಪಾದದ ಅಡಿಯಲ್ಲಿ ಬಟಾಣಿ ಗಾತ್ರದ ನೀರುಗುಳ್ಳೆಗಳೆದ್ದವು. ಸೂಜಿಯಲ್ಲಿ ಚುಚ್ಚಿ ನೀರು ತೆಗೆದು ಮಾರನೆಯ ದಿನ ಮತ್ತೆ ನಿಲ್ಲಿಸಿದರೆ ಗುಳ್ಳೆಯ ಪಕ್ಕದಲ್ಲಿ ಗುಳ್ಳೆ. ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಕಾರ್ಖಾನೆಯ ತಗಡಿನ ಮಾಡು ಕಾದರೆ ಸಾಕು, ಅವಳು ಏನನ್ನೂ ಮುಟ್ಟದೆ ಕೂತರೂ ಬೆರಳ ಸಂದಿಯಲ್ಲಿ ಚರ್ಮ ಉಬ್ಬುತ್ತಿತ್ತು. "ಇವತ್ತು ಒಡೆದಿದ್ದು ನಾಳೆ ಗಟ್ಟಿ," ಎನ್ನುತ್ತಿದ್ದ ಮೇಸ್ತ್ರಿ. ನಾಳೆ ಬರುತ್ತಿತ್ತು, ಗಟ್ಟಿ ಬರುತ್ತಿರಲಿಲ್ಲ. ದಿಮ್ಮಿ ಕೊಯ್ಯುವವನೊಬ್ಬ ಒಂದು ದಿನ ಅವಳು ಕುಂಟಿಕೊಂಡು ಬರುವುದನ್ನು ನೋಡಿ, "ಬಂತಪ್ಪ ಗುಳ್ಳೆ," ಅಂದ. ಅಂದಿನಿಂದ ಅವಳ ಹೆಸರು ಅದೇ ಆಯಿತು. ಅತ್ತು ಕೂರುವ ಪೈಕಿ ಅವಳಲ್ಲ. ಕಲಿತ ಮೇಲೆ ತಾನು ಮಾಡಿದ ಪ್ರತಿ ಕುರ್ಚಿ ಮೇಜಿನ ಅಡಿಯಲ್ಲಿ ಉಳಿಯ ಮೊನೆಯಿಂದ ಒಂದು ಪುಟ್ಟ ಸೊನ್ನೆ ಕೊರೆದಳು. ಯಾಕೆಂದು ಕೇಳಿದವರಿಗೆ, "ಗುಳ್ಳೆ ಮಾಡಿದ್ದು ಅಂತ ಗೊತ್ತಾಗ್ಬೇಕಲ್ಲ," ಎನ್ನುತ್ತಿದ್ದಳು.

ಅವಳು ಕಲಿತ ಬಗೆ ಬೇರೆಯೇ. ಉಳಿ, ಗರಗಸ, ಮರ ಹೆರೆಯುವ ತೋಪಡಗಳ ಹಿಡಿಗಳನ್ನೆಲ್ಲ ಕಳಚಿ ಬಿಸಾಡಿ ತನಗೆ ಬೇಕಾದಂತೆ ಕಡೆದುಕೊಂಡಳು. ಮೊಟ್ಟೆಯಂತೆ ದಪ್ಪ, ಎಲ್ಲೂ ಚೂಪು ಅಂಚಿಲ್ಲ, ಮೇಲೆ ಹಳೆಯ ಕಂಬಳಿಯ ಮೆತ್ತನೆಯ ಸುತ್ತು. ಬೇರೆಯವರು ಕೈಯಿಂದ ಅದುಮಿ ಹಿಡಿಯುವಲ್ಲಿ ಅವಳು ಕ್ಲಾಂಪು ಬಿಗಿಯುತ್ತಿದ್ದಳು. ತೋಪಡ ಹೊಡೆಯುವ ಕೆಲಸವನ್ನು ಮಾಡು ಕಾಯುವ ಮೊದಲೇ ಮುಗಿಸುತ್ತಿದ್ದಳು. ಅಂಗಿಯ ಹೊಲಿಗೆ ಮೈಗೆ ಉಜ್ಜಬಾರದೆಂದು ಅದನ್ನು ಒಳಮಗ್ಗುಲು ಹೊರಗಾಗುವಂತೆ ತೊಡುತ್ತಿದ್ದಳು. "ಕತ್ತಲಲ್ಲಿ ಬಟ್ಟೆ ಹಾಕ್ಕೊಂಡ್ಯಾ?" ಎಂದು ಯಾರಾದರೂ ನಕ್ಕರೆ, "ದರ್ಜಿ ಒಳಗಡೆ ಎಷ್ಟು ಚೆನ್ನಾಗಿ ಹೊಲಿದಿದಾನೆ ನೋಡಿ, ಪಾಪ, ಯಾರೂ ನೋಡೋದೇ ಇಲ್ಲ," ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಇನ್ನೊಂದು ಅಭ್ಯಾಸ ಅವಳಿಗೇ ತಿಳಿಯದಂತೆ ಬಂದಿತ್ತು. ನೋವಾದಾಗ ಎಲ್ಲರೂ ಮುಷ್ಟಿ ಬಿಗಿಯುತ್ತಾರೆ, ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಅವಳು ಹಾಗೆ ಮಾಡಿದರೆ ಕಾಲಿನ ನೋವಿಗೆ ಕೈಯಲ್ಲೂ ಗುಳ್ಳೆಯೇಳುತ್ತಿತ್ತು. ಹಾಗಾಗಿ ನೋವು ಬಂದಾಗ ಅವಳ ಬೆರಳುಗಳು ಒಂದಕ್ಕೊಂದು ತಾಗದಂತೆ ಅಗಲವಾಗಿ ಬಿಚ್ಚಿಕೊಳ್ಳುತ್ತಿದ್ದವು. ಈಗ ಅವಳ ಮಗಳೂ ಹಾಗೆಯೇ ಮಾಡುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಸದಾ ಮರದ ಅಟ್ಟಿಗಳ ಮೇಲೆ ಓಡಾಡುತ್ತಿದ್ದ ಆ ಮಗುವನ್ನು ಎಲ್ಲರೂ ಅಳಿಲು ಅನ್ನುತ್ತಿದ್ದರು. ಅದು ಅಟ್ಟಿಯ ಮೇಲೆ ಥಟ್ಟನೆ ನಿಂತು ಎರಡೂ ಅಂಗೈಗಳನ್ನು ಗಾಳಿಗೆ ಹರಡಿತೆಂದರೆ ಗುಳ್ಳೆ ಕೈಯ ಕೆಲಸ ಬಿಟ್ಟು ಓಡುತ್ತಿದ್ದಳು.

ಮೇಸ್ತ್ರಿ ಒಬ್ಬನೇ ಇದಕ್ಕೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. "ಇದು ನಮ್ಮ ಮನೆತನದ್ದು. ನಮ್ಮಮ್ಮಂಗೂ ಇತ್ತು, ಚಿಕ್ಕವನಿದ್ದಾಗ ನಂಗೂ ಇತ್ತು. ಹಲ್ಲು ಕಚ್ಕೊಂಡು ತುಳಿದೆ, ಹೋಯ್ತು," ಎಂದು ತನ್ನ ಅಂಗೈ ತೋರಿಸುತ್ತಿದ್ದ. ಅಂಗೈ ನಿಜಕ್ಕೂ ಹಲಗೆಯಂತಿತ್ತು. ಪಾದ ಮಾತ್ರ ಯಾರೂ ಕಂಡಿರಲಿಲ್ಲ. ಸುಡುವ ಬೇಸಿಗೆಯಲ್ಲೂ ದಪ್ಪ ಕಾಲುಚೀಲ, ಅದರ ಮೇಲೆ ಬೂಟು. ಮೇಸ್ತ್ರಿಯಾದವನು ಕೂತು ಕೆಲಸ ಮಾಡಬಾರದು ಎಂದು ದಿನವಿಡೀ ನಿಂತೇ ಇರುತ್ತಿದ್ದ. ಅದನ್ನೂ ಆ ಪೆಟ್ಟಿಗೆಯ ಪ್ರತಾಪವೆಂದೇ ಎಲ್ಲರೂ ನಂಬಿದ್ದರು.

ಗುಳ್ಳೆಗೆ ನಿಜವಾಗಿ ಕಷ್ಟವಾಗಿದ್ದು ಅಪ್ಪನ ಹಠವಲ್ಲ. ಹಠದಲ್ಲಿ ಅವಳೇನೂ ಅವನಿಗೆ ಕಡಿಮೆಯಿರಲಿಲ್ಲ. ಮನಸ್ಸಿನ ಮೂಲೆಯಲ್ಲಿ ಕೂತಿದ್ದ ಒಂದು ಅನುಮಾನ ಅವಳನ್ನು ತಿನ್ನುತ್ತಿತ್ತು. ಅಪ್ಪ ಹೇಳುವುದು ನಿಜವಿದ್ದರೆ? ಆ ಮರಳು ತುಳಿದಿದ್ದಕ್ಕೇ ತಾನು ಇಷ್ಟರ ಮಟ್ಟಿಗಾದರೂ ನಿಂತಿರುವುದಾದರೆ? ಕರುಳಿಗೆ ಸೋತು ಮಗಳನ್ನು ತಡೆದರೆ ನಾಳೆ ಅವಳು ತನ್ನಷ್ಟೂ ನಡೆಯಲಾರದೆ ಹೋದರೆ? ತಡೆಯುವುದೋ ಬಿಡುವುದೋ, ತಪ್ಪಿದರೆ ಅನುಭವಿಸುವುದು ಮಗುವಿನ ಪಾದ.

ಆ ದಿನ ಸಂಜೆ ಅವಳು ಗಿರಾಕಿಗಾಗಿ ಮಾಡುತ್ತಿದ್ದ ದೊಡ್ಡ ಬೀರುವನ್ನು ಗಂಡನ ಕೈಲಿ ಒಂದು ಕಡೆ ಹಿಡಿಸಿ ತಂದು, ಮರಳಿನ ಪೆಟ್ಟಿಗೆಯ ಮೇಲೆ ಕೂರಿಸಿಬಿಟ್ಟಳು. ಬೆಳಿಗ್ಗೆ ಬಂದ ಮೇಸ್ತ್ರಿ ಹುಬ್ಬು ಗಂಟಿಕ್ಕಿದ.

"ಇದನ್ನ ಇಲ್ಲಿ ಇಟ್ಟೋರು ಯಾರು?"

"ಬೆಳಕು ಚೆನ್ನಾಗಿದೆ. ಇಲ್ಲೇ ಕೆಲಸ ಮುಗಿಸ್ತೀನಿ."

"ಯಾವಾಗ ಮುಗಿಯುತ್ತೆ?"

"ನಂಗೆ ಉತ್ತರ ಸಿಕ್ಕಾಗ."

ಮೇಸ್ತ್ರಿ ಅಳಿಯನ ಕಡೆ ತಿರುಗಿದ. "ಏನಪ್ಪಾ ಪಾಲಿಶ್, ಬೀರುಗೆ ಉತ್ತರ ಹಾಕಿ ಮುಗಿಸೋ ಪದ್ಧತಿ ಎಲ್ಲಾದ್ರೂ ನೋಡಿದೀಯಾ?"

ಪಾಲಿಶ್ ಕೆಮ್ಮಿದ.

ಉತ್ತರ ಹುಡುಕಿಕೊಂಡು ಗುಳ್ಳೆ ಮಗುವನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಚರ್ಮದ ಡಾಕ್ಟರು ತಾಯಿ ಮಗಳಿಬ್ಬರನ್ನೂ ನೋಡಿ, ಇದು ಹುಟ್ಟಿನಿಂದಲೇ ಬರುವ ನಾಜೂಕು ಚರ್ಮ, ಉಜ್ಜುವುದೆಲ್ಲ ಬೇಡವೆಂದರು. "ಯಾಕೆ ಬೇಡ?" ಎಂದು ಇವಳು ಪಟ್ಟು ಹಿಡಿದಳು. ಮೇಲಿನ ಮಹಡಿಯ ಪ್ರಯೋಗಾಲಯದಲ್ಲಿ ಇದನ್ನೇ ಹುಡುಕುತ್ತಿದ್ದಾರೆ, ಇಂಥ ಮನೆಯವರ ಚರ್ಮದ ಚೂರು ಅವರಿಗೆ ಬೇಕಾಗಿದೆ, ಕೇಳಿನೋಡಿ ಎಂದು ಅವರು ಕಳಿಸಿದರು.

ಅಲ್ಲಿದ್ದ ಡಾಕ್ಟರಮ್ಮ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮೇಜಿನ ಮೇಲೆ ಅದನ್ನೇ ಹುಡುಕುತ್ತಿದ್ದರು. ಗುಳ್ಳೆ ತನ್ನ ಹಣೆ ಮುಟ್ಟಿ ತೋರಿಸಿದಳು. ಡಾಕ್ಟರಮ್ಮ ನಕ್ಕರು. ಅಲ್ಲಿಗೆ ಅರ್ಧ ಪರಿಚಯವಾಯಿತು.

"ಚರ್ಮ ಕೊಡ್ತೀನಿ," ಎಂದಳು ಗುಳ್ಳೆ. "ಆದ್ರೆ ಸುಮ್ನೆ ಅಲ್ಲ. ನನ್ನದೊಂದು ಪ್ರಶ್ನೆ ಇದೆ. ಅದಕ್ಕೆ ಉತ್ತರ ಹುಡುಕಿಕೊಡ್ಬೇಕು."

"ಕೇಳಿ."

"ಬೇರೆಯವರ ಚರ್ಮ ಉಜ್ಜಿ ಉಜ್ಜಿ ಗಟ್ಟಿ ಆಗುತ್ತೆ. ನಾವು ದಿನಾ ಸ್ವಲ್ಪ ಸ್ವಲ್ಪ ಉಜ್ಜಿದ್ರೆ ನಮ್ದೂ ಕಲಿಯುತ್ತಾ, ಇಲ್ವಾ?"

ಡಾಕ್ಟರಮ್ಮ ಕನ್ನಡಕವನ್ನು ಸರಿಯಾಗಿ ಹಾಕಿಕೊಂಡರು. "ಒಂದೇ ಸಲ ಜೋರಾಗಿ ಎಳೆದ್ರೆ ಏನಾಗುತ್ತೆ ಅಂತ ನಾವು ನೋಡ್ತಿದೀವಿ. ದಿನಾ ಸ್ವಲ್ಪ ಸ್ವಲ್ಪ... ನೋಡ್ಬಹುದು. ಸಮಯ ಬೇಕು."

"ನಮ್ಮನೇಲಿ ಬೀರು ಮುಗಿಯೋದ್ರೊಳಗೆ ಸಿಕ್ಕರೆ ಸಾಕು," ಎಂದಳು ಇವಳು. ಪಾಪ, ಡಾಕ್ಟರಮ್ಮನಿಗೆ ಬೀರುವಿನ ಲೆಕ್ಕ ಹೇಗೆ ಅರ್ಥವಾಗಬೇಕು?

ತೋಳು ಮರಗಟ್ಟಿಸಿ ಅಕ್ಕಿಕಾಳಿನಷ್ಟು ಚರ್ಮ ತೆಗೆದರು. ನರ್ಸು ಅಂಟುಪಟ್ಟಿ ಕೈಗೆತ್ತಿಕೊಂಡ ಕೂಡಲೇ ಗುಳ್ಳೆ ತೋಳು ಹಿಂದಕ್ಕೆಳೆದುಕೊಂಡಳು. "ಅಂಟಿಸ್ಬೇಡಿ ತಾಯಿ. ಕೀಳುವಾಗ ಅದರ ಜೊತೆ ನಾನೂ ಬರ್ತೀನಿ." ಅಂಟದ ಬಟ್ಟೆ ಇಟ್ಟು ಸಡಿಲವಾಗಿ ಸುತ್ತಿ ಕಳಿಸಿದರು.

ಆಮೇಲೆ ಆ ಬೀರು ಮುಗಿಯಲೇ ಇಲ್ಲ. ಬಾಗಿಲು ಕೂರಿಸಿದಳು, ತೆಗೆದಳು. ಖಾನೆ ಹಾಕಿದಳು, ಎತ್ತರ ಸರಿಯಿಲ್ಲವೆಂದು ಬದಲಿಸಿದಳು. ಗಿರಾಕಿ ಬಂದು ಅವಸರ ಮಾಡಿದರೆ, "ಒಳ್ಳೆ ಮರ, ಅವಸರ ಮಾಡಿದ್ರೆ ಮುನಿಸಿಕೊಳ್ಳುತ್ತೆ," ಎಂದು ಸಾಗಹಾಕಿದಳು. ಮೇಸ್ತ್ರಿ ದಿನಕ್ಕೊಮ್ಮೆ ಬೀರುವಿನ ಸುತ್ತ ಪ್ರದಕ್ಷಿಣೆ ಹಾಕಿ ಪೆಟ್ಟಿಗೆಯ ಅಂಚನ್ನು ಬೂಟಿನ ತುದಿಯಿಂದ ತಟ್ಟಿ ಹೋಗುತ್ತಿದ್ದ. ಶಾಲೆಯ ದಿನ ಹತ್ತಿರ ಬರುತ್ತಿತ್ತು. ಒಂದು ಬೆಳಿಗ್ಗೆ ಗುಳ್ಳೆ ಒಳಗೆ ಬಂದಾಗ ಅಳಿಲು ಬೀರುವಿನ ಪಕ್ಕದ ಸಂದಿಯಲ್ಲಿ ಉಳಿದಿದ್ದ ಮರಳಿಗೆ ಒಂದು ಪಾದ ಇಳಿಬಿಟ್ಟು ನಿಂತಿತ್ತು. ಎರಡೂ ಕೈಗಳ ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು.

"ಯಾರೇ ಹೇಳಿದ್ದು ನಿಂಗೆ?"

"ಯಾರೂ ಇಲ್ಲ. ಗಟ್ಟಿ ಆದ್ರೆ ತಾತ ಉಳಿ ಕೊಡ್ತೀನಿ ಅಂದ್ರು," ಎಂದಿತು ಮಗು. ಮುಖದಲ್ಲಿ ಅಳುವಿರಲಿಲ್ಲ. ತನ್ನದೇ ಹಠ ತನ್ನೆದುರಿಗೆ ಗಿಡ್ಡವಾಗಿ ನಿಂತಂತೆ ಕಂಡಿತು ಗುಳ್ಳೆಗೆ. ಮಗುವನ್ನು ಎತ್ತಿ ಮೇಜಿನ ಮೇಲೆ ಕೂರಿಸಿ, ಪಾದ ತೊಳೆದು, ಸೂಜಿ ಕಾಯಿಸಿ ಆರಿಸಿ ನೀರು ತೆಗೆದು, ಮೇಲಿನ ಚರ್ಮ ಹಾಗೆಯೇ ಇರುವಂತೆ ಬಟ್ಟೆ ಸುತ್ತಿದಳು. ಅಷ್ಟು ಹೊತ್ತೂ ಅವಳು ಅಪ್ಪನ ಕಡೆ ನೋಡಲಿಲ್ಲ. ಅಪ್ಪನೂ ಗರಗಸದ ಹಲ್ಲು ಹರಿತ ಮಾಡುತ್ತ ತಲೆಯೆತ್ತಲಿಲ್ಲ.

ಅದೇ ವಾರ ಪ್ರಯೋಗಾಲಯದಿಂದ ಕರೆ ಬಂತು. ಗುಳ್ಳೆ ಅಪ್ಪನ ಎದುರಿಗೆ ಹೋಗಿ ನಿಂತಳು.

"ನೀನೂ ಬಾ. ಅವರು ಉಜ್ಜಿದ್ರೆ ಗಟ್ಟಿ ಆಗುತ್ತೆ ಅಂದ್ರೆ ನಾನೇ ಬೀರು ಎತ್ತಿ ಮಗೂನ ಪೆಟ್ಟಿಗೇಲಿ ನಿಲ್ಲಿಸ್ತೀನಿ. ಇಲ್ಲ ಅಂದ್ರೆ ಪೆಟ್ಟಿಗೆ ನನ್ನದು, ಏನು ಬೇಕಾದ್ರೂ ಮಾಡ್ತೀನಿ."

"ಅದನ್ನ ಮಾಡಿದ್ದು ನಮ್ಮ ತಾತ."

"ಹೆದರಿಕೆ ಇದ್ರೆ ಬರ್ಬೇಡ."

ಮೇಸ್ತ್ರಿಗೆ ಅಷ್ಟು ಸಾಕಾಯಿತು. ಒಗೆದ ಅಂಗಿ ತೊಟ್ಟು, ಬೂಟಿಗೆ ಎಣ್ಣೆ ಸವರಿ ಹೊರಟೇಬಿಟ್ಟ.

ಕೋಣೆಯಲ್ಲಿ ಬೆಚ್ಚಗಿನ ಪೆಟ್ಟಿಗೆಗಳಿದ್ದವು, ಅವುಗಳೊಳಗೆ ಗಾಜಿನ ತಟ್ಟೆಗಳು. ಇನ್ನೊಂದು ಕಡೆ ಪುಟ್ಟದೊಂದು ಯಂತ್ರ ರಬ್ಬರಿನಂಥ ತೆಳು ಹಾಳೆಯನ್ನು ಎಳೆಯುತ್ತ, ಬಿಡುತ್ತ ಕೂತಿತ್ತು. "ನಿಮ್ಮ ಮಗಳ ಚರ್ಮದ ಜೀವಕೋಶಗಳು ಈ ಹಾಳೆ ಮೇಲೆ ಬೆಳೆದಿವೆ, ಯಜಮಾನ್ರೇ," ಎಂದರು ಡಾಕ್ಟರಮ್ಮ. ಮೇಸ್ತ್ರಿ ಬಗ್ಗಿ ನೋಡಿದ. ಏನೂ ಕಾಣಲಿಲ್ಲ. ಆದರೂ ಯಂತ್ರದ ತಿರುಪನ್ನು ನೋಡಿ, "ಈ ತಿರುಪು ಸಡಿಲ ಆಗಿದೆ," ಎಂದ.

"ಅದು ಹಾಗೇ ಇರ್ಬೇಕು ಯಜಮಾನ್ರೇ."

"ಹಾಗಾದ್ರೆ ಸರಿ."

ಡಾಕ್ಟರಮ್ಮ ಪರದೆಯ ಮೇಲೆ ಚಿತ್ರ ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ ಹೊಳೆಯುವ ಸಣ್ಣ ಸಣ್ಣ ಎಳೆಗಳು, ಒಂದರೊಳಗೊಂದು ಹೆಣೆದುಕೊಂಡಿದ್ದವು.

"ಬೆತ್ತದ ಕುರ್ಚಿ!" ಎಂದ ಮೇಸ್ತ್ರಿ.

"ಅದೇ. ಚರ್ಮದ ಪ್ರತಿ ಜೀವಕೋಶದ ಒಳಗೂ ಇಂಥ ಹೆಣಿಗೆ ಇರುತ್ತೆ. ಎಳೆದಾಗ ಹರೀದಂತೆ ಹಿಡಿಯೋದು ಅದೇ. ಈ ಎಳೆ ಮಾಡೋಕೆ ಮೈಯೊಳಗೆ ಎರಡು ಅಚ್ಚು ಇರ್ತವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಇವರ ಒಂದು ಅಚ್ಚಲ್ಲಿ ಸಣ್ಣ ದೋಷ ಇದೆ. ಆ ದೋಷದ ಎಳೆ ಒಳ್ಳೆ ಎಳೆ ಜೊತೆ ಸೇರ್ಕೊಂಡು ಹೆಣೆದಾಗ ಪೂರ್ತಿ ಹೆಣಿಗೆ ಸೊರಗುತ್ತೆ."

ಅವರು ಇನ್ನೆರಡು ಚಿತ್ರ ತೆಗೆದರು. ಎರಡೂ ತಟ್ಟೆಗಳನ್ನು ಸ್ವಲ್ಪ ಹೊತ್ತು ಬಿಸಿ ಮಾಡಿದ್ದರು. ಬೇರೆಯವರ ಚರ್ಮದ ಹೆಣಿಗೆ ಕೊಂಚ ಕದಡಿತ್ತು, ಅಷ್ಟೆ. ಗುಳ್ಳೆಯದರಲ್ಲಿ ಎಳೆಗಳು ಮುದುಡಿ, ಅಂಚಿನಲ್ಲಿ ಉಂಡೆ ಉಂಡೆಯಾಗಿ ನಿಂತಿದ್ದವು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಸುಮ್ಮನೆ ಕೂತಾಗಲೂ ಬೆರಳ ಸಂದಿ ಉಬ್ಬುತ್ತಿದ್ದುದು ಗುಳ್ಳೆಗೆ ನೆನಪಾಯಿತು. ಅಂದರೆ ಅದು ತನ್ನ ಸೋಮಾರಿತನವಾಗಿರಲಿಲ್ಲ.

"ಇನ್ನೊಂದು ವಿಷಯ," ಎಂದರು ಡಾಕ್ಟರಮ್ಮ. "ಮೈಗೆ ತೊಂದರೆ ಬಂದಾಗ ಜೀವಕೋಶ ಒಳಗೊಳಗೇ ಗಂಟೆ ಬಾರಿಸುತ್ತೆ ಅಂತಿಟ್ಕೊಳ್ಳಿ. ಆಗ ದುರಸ್ತಿ ಶುರುವಾಗುತ್ತೆ, ಆಮೇಲೆ ಗಂಟೆ ನಿಲ್ಲುತ್ತೆ. ಇವರ ಜೀವಕೋಶಗಳು ಏನೂ ತೊಂದರೆ ಇಲ್ಲದಾಗಲೂ ಮೆಲ್ಲಗೆ ಗಂಟೆ ಬಾರಿಸ್ತಾನೇ ಇರ್ತವೆ. ನಿಜವಾದ ತೊಂದರೆ ಬಂದ್ರೆ ಬೇಗ ಶುರು, ಜೋರು ಶುರು, ನಿಲ್ಲೋದು ತಡ."

"ಇವಳು ಹುಟ್ಟಿದಾಗಿಂದ ಹಾಗೇ ಬಿಡಿ," ಎಂದ ಮೇಸ್ತ್ರಿ. "ಮನೇಲೂ ಗಂಟೆ ನಿಲ್ಲೋದೇ ಇಲ್ಲ."

ಗುಳ್ಳೆ ನಗಲಿಲ್ಲ. "ನನ್ನ ಪ್ರಶ್ನೆ?"

"ಅದಕ್ಕೇ ಬಂದೆ. ನಿಮ್ಮ ಜೀವಕೋಶದ ಕೆಲವು ಹಾಳೆಗಳನ್ನ ದಿನಾ ಸ್ವಲ್ಪ ಸ್ವಲ್ಪ ಎಳೆದ್ವಿ. ಕೆಲವನ್ನ ಸುಮ್ನೆ ಬಿಟ್ವಿ. ಕೊನೇಲಿ ಎಲ್ಲಾನೂ ಒಂದೇ ಸಮ ಜೋರಾಗಿ ಎಳೆದ್ವಿ. ಬೇರೆಯವರದ್ದಕ್ಕೂ ಹಾಗೇ ಮಾಡಿದ್ವಿ." ಅವರು ಚಿತ್ರ ಬದಲಿಸಿದರು. "ಬೇರೆಯವರದ್ದು ನೋಡಿ, ದಿನಾ ಎಳೆದದ್ದು ಚೆನ್ನಾಗಿ ತಡ್ಕೊಂಡಿದೆ. ನಿಮ್ಮದ್ರಲ್ಲಿ ಸುಮ್ನೆ ಬಿಟ್ಟಿದ್ದು ಅಲ್ಪಸ್ವಲ್ಪ ತಡ್ಕೊಂಡಿದೆ. ದಿನಾ ಎಳೆದದ್ದು ಮೊದಲೇ ಕಿತ್ತು ಹೋಗಿದೆ."

ಗುಳ್ಳೆ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಅಂದ್ರೆ ಕಲೀಲಿಲ್ಲ," ಎಂದಳು ಗುಳ್ಳೆ.

"ದಣೀತು. ಆದ್ರೆ ಒಂದು ಮಾತು. ತಟ್ಟೇಲಿ ಬೆಳೆದ ಜೀವಕೋಶ ಬೇರೆ, ನಡೆಯೋ ಪಾದ ಬೇರೆ. ಇದೇ ಕೊನೇ ಮಾತು ಅಂತ ನಾನು ಹೇಳಲ್ಲ."

ಈ ಕೊನೆಯ ಮಾತು ಮೇಸ್ತ್ರಿಗೆ ಊರುಗೋಲಾಯಿತು. "ಹಾಗೆ ಹೇಳಿ ಮತ್ತೆ! ತಟ್ಟೇದು ಬಿಡಿ. ನಡೆಯೋ ಪಾದ ನಾನು ತೋರಿಸ್ತೀನಿ," ಎಂದವನೇ ಕುರ್ಚಿಯಲ್ಲಿ ಕೂತು ಬೂಟು ಕಳಚಿದ, ಕಾಲುಚೀಲ ಎಳೆದ. ಗುಳ್ಳೆ ಹುಟ್ಟಿದ ಮೇಲೆ ಮೊದಲ ಸಲ ಅಪ್ಪನ ಪಾದ ನೋಡಿದಳು. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಹಳದಿ ಬಣ್ಣದ ದಪ್ಪ ತೊಗಟೆ. "ಮುಟ್ಟಿ ನೋಡಿ ಡಾಕ್ಟರಮ್ಮ. ಇವಳ ಹಾಗೇ ಇತ್ತು ನನ್ನದೂ. ಮರಳು ತುಳಿದು ಹೀಗೆ ಮಾಡ್ಕೊಂಡೆ. ಮೊಳೆ ಚುಚ್ಚಿದ್ರೂ ಒಳಗೆ ಇಳಿಯಲ್ಲ."

ಡಾಕ್ಟರಮ್ಮ ಮಂಡಿಯೂರಿ ಕೂತು ಹೆಬ್ಬೆರಳಿನಿಂದ ಆ ತೊಗಟೆಯ ಅಂಚನ್ನು ಮೆಲ್ಲಗೆ ಒತ್ತಿದರು.

"ನೋವಾಗುತ್ತಾ?"

"ಎಲ್ಲಿಯ ನೋವು?" ಮೇಸ್ತ್ರಿಯ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಧ್ವನಿ ಗಟ್ಟಿಯಾಗಿತ್ತು.

ಗುಳ್ಳೆ ಅವನ ಮುಖ ನೋಡುತ್ತಿರಲಿಲ್ಲ. ಕುರ್ಚಿಯ ತೋಳಿನ ಮೇಲಿದ್ದ ಅವನ ಕೈ ನೋಡುತ್ತಿದ್ದಳು. ಆ ಹಲಗೆಯಂಥ ಕೈಯ ಬೆರಳುಗಳು ಒಂದೊಂದೇ ಮರವನ್ನು ಬಿಟ್ಟು ಮೇಲೆದ್ದವು, ಒಂದಕ್ಕೊಂದು ತಾಗದಂತೆ ಅಗಲವಾಗಿ ಬಿಚ್ಚಿಕೊಂಡು ಗಾಳಿಯಲ್ಲಿ ನಿಂತವು.

"ಅಪ್ಪ," ಎಂದಳು ಮೆತ್ತಗೆ. "ನಿನ್ನ ಕೈ ನೋಡ್ಕೋ."

ಮೇಸ್ತ್ರಿ ನೋಡಿಕೊಂಡ. ಮೊಮ್ಮಗಳು ಮರಳಿನಲ್ಲಿ ಪಾದ ಇಳಿಬಿಟ್ಟು ನಿಂತಾಗ ಇದ್ದ ಕೈಯೇ ಅದು. ಕೂಡಲೇ ಮಡಚಲು ಹೋದ. ಮಡಚಲಿಲ್ಲ, ಹಾಗೆಯೇ ಬಿಟ್ಟ.

"ಮೇಲೆ ದಪ್ಪ ಆಗಿದೆ ಯಜಮಾನ್ರೇ," ಎಂದರು ಡಾಕ್ಟರಮ್ಮ. "ಆದ್ರೆ ಅದರ ಅಡೀಲಿ ಈಗ್ಲೂ ಗುಳ್ಳೆ ಏಳ್ತಾ ಇದೆ. ಹೊರಗೆ ಬರೋಕೆ ದಾರಿ ಇಲ್ದೆ ಒಳಗೇ ನೋಯುತ್ತೆ. ಹೇಗೆ ನಿಂತು ಕೆಲಸ ಮಾಡ್ತೀರಿ ನೀವು?"

"ಅಭ್ಯಾಸ," ಎಂದ ಮೇಸ್ತ್ರಿ. ಕಾಲುಚೀಲ ಏರಿಸಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಗುಳ್ಳೆ ಬಗ್ಗಿ, ಚೀಲದ ಹೊಲಿಗೆ ಹೊರಗೆ ಬರುವಂತೆ ಮಗುಚಿ, ತಾನೇ ಏರಿಸಿದಳು. ಅವನು ಬೇಡವೆನ್ನಲಿಲ್ಲ.

ಮನೆಗೆ ಬಂದ ಮೇಲೂ ಮೇಸ್ತ್ರಿ ಬಾಯಿಗೆ ಬೀಗ ಹಾಕಿಕೊಂಡೇ ಇದ್ದ. ಇದು ಗುಳ್ಳೆಗೆ ಸಮಾಧಾನ ತರಲಿಲ್ಲ. ಅಪ್ಪ ಬಾಯಿ ಬಿಟ್ಟು ಬೈಯುವಾಗ ನೆಲೆ ಸಿಗುತ್ತಿತ್ತು. ಸುಮ್ಮನಿದ್ದಾಗ ಏನು ಮಾಡುವನೆಂದು ಹೇಳಲು ಬರುತ್ತಿರಲಿಲ್ಲ. ಅವನ ಹೆಮ್ಮೆಯನ್ನು ಡಾಕ್ಟರಮ್ಮನ ಎದುರಿಗೆ ಬಿಚ್ಚಿಟ್ಟಿದ್ದಳು. ಅಂಥ ಮನುಷ್ಯ ಸೇಡಿಗಾದರೂ ಪೆಟ್ಟಿಗೆಗೆ ಹೊಸ ಮರಳು ಸುರಿದರೆ?

ಬೆಳಿಗ್ಗೆ ಅವಳು ಕಾರ್ಖಾನೆಗೆ ಬರುವಷ್ಟರಲ್ಲಿ ಮೇಸ್ತ್ರಿ ಬೀರುವಿನ ಪಕ್ಕ ಮರದ ಕೊಡತಿ ಹಿಡಿದು ನಿಂತಿದ್ದ. ಅಳಿಲು ಅಟ್ಟಿಯ ಮೇಲಿಂದ ನೋಡುತ್ತಿತ್ತು.

"ಬೀರು ಎತ್ತು ಬಾ," ಎಂದ ಮೇಸ್ತ್ರಿ.

ಗುಳ್ಳೆ ಬೀರುವಿಗೆ ಬೆನ್ನು ಕೊಟ್ಟು ನಿಂತಳು. "ಎತ್ತಲ್ಲ."

"ಎತ್ತು ಅಂದೆ."

"ಅಪ್ಪ, ಮಾತು ಮಾತೇ. ಇನ್ನು ಈ ಪೆಟ್ಟಿಗೇಲಿ ಮಗು ಕಾಲಿಡಬೇಕಾದ್ರೆ ಮೊದಲು ನನ್ನನ್ನ ದಾಟ್ಬೇಕು."

ಮೇಸ್ತ್ರಿ ಕೊಡತಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಮೇಲೆ ಬೀರು ಕೂರಿಸ್ಕೊಂಡು ಪೆಟ್ಟಿಗೆ ಬಿಚ್ಚೋದು ಹೇಗೆ ಅಂತ ನೀನೇ ಹೇಳು ಹಾಗಾದ್ರೆ. ಕಲಿಸಿದ್ದೆಲ್ಲಾ ಮರೆತ್ಯಾ?"

ಗುಳ್ಳೆ ಬೀರುವಿನಿಂದ ಬೆನ್ನು ತೆಗೆದಳು. ಪಾಲಿಶ್ ಮೂಲೆಯಿಂದ ಎದ್ದು ಬಂದು, ಕೆಮ್ಮದೆ, ಬೀರುವಿನ ಒಂದು ತುದಿ ಹಿಡಿದ. ಅದರ ಮೇಲೆ ಹೊಳಪು ಬಳಿಯಲು ಅವನು ಅಷ್ಟು ದಿನದಿಂದ ಕಾಯುತ್ತಿದ್ದ.

ಮರಳನ್ನು ಅಂಗಳದ ಗುಂಡಿಗೆ ಸುರಿದರು. ಗುಳ್ಳೆ ಕೊಡತಿ ಎತ್ತಿ ಮೂಲೆಗೆ ಹೊಡೆಯಲು ಹೋದಾಗ ಮೇಸ್ತ್ರಿ ಕೂಗಿದ. "ಅಲ್ಲಿ ಅಲ್ಲ! ಹಲ್ಲು ಮುರಿಯುತ್ತೆ. ಒಳಗಡೆಯಿಂದ ಹೊಡಿ. ಮೆಲ್ಲಗೆ. ಮಗ್ಗುಲು ಬದಲಿಸಿ ಹೊಡಿ." ಅವನು ಹೇಳಿದಲ್ಲಿ ಹೊಡೆದಂತೆ ಮೂಲೆಗಳು ಒಂದೊಂದೇ ಬಿಟ್ಟುಕೊಂಡವು. ಹಲಗೆಗಳ ಹೊರಮೈ ಕಪ್ಪಾಗಿತ್ತು, ತೋಪಡ ಎರಡು ಸಲ ಓಡಿದ ಮೇಲೆ ಒಳಗಿನ ಜೇನುಬಣ್ಣ ಹೊರಬಂತು.

"ಏನು ಮಾಡ್ತೀಯ ಇದರಲ್ಲಿ?" ಎಂದ ಮೇಸ್ತ್ರಿ.

"ತಳ್ಳೋ ಗಾಡಿ. ನಡೆಯೋವಷ್ಟು ಅವಳೇ ತಳ್ಕೊಂಡು ನಡೀಲಿ. ಪಾದ ಬಿಸಿ ಆದ ಕೂಡ್ಲೇ ಅದರಲ್ಲೇ ಕೂತ್ಕೊಳ್ಳಲಿ. ಆಗ ನಾನು ತಳ್ತೀನಿ. ಯಾವಾಗ ಕೂರ್ಬೇಕು ಅನ್ನೋದು ಅವಳೇ ಕಲೀಬೇಕು."

"ತಳ್ಳೋ ಹಿಡಿ?"

"ದಪ್ಪ. ಸುತ್ತು ಕಟ್ಟಿದ್ದು."

ಮೇಸ್ತ್ರಿ ಒಂದು ಕೋಲನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿ ಅವಳ ಕಡೆ ಚಾಚಿದ. "ಹಿಡಿ ನೀನು ಮಾಡು. ಅದು ನಿಂಗೆ ಗೊತ್ತು. ಚಕ್ರ ನಾನು ಮಾಡ್ತೀನಿ."

ಅವರು ಮಧ್ಯಾಹ್ನದ ತನಕ ಕೆಲಸ ಮಾಡಿದರು. ಮಾಡು ಕಾಯುತ್ತಲೇ ಗುಳ್ಳೆ ತನ್ನ ಪದ್ಧತಿಯಂತೆ ಕೆಲಸ ನಿಲ್ಲಿಸಿ ಕೈಗೆ ತಣ್ಣೀರು ಹನಿಸಿಕೊಂಡಳು. ತಂಬಿಗೆಯನ್ನು ಅಪ್ಪನ ಕಡೆ ಸರಿಸಿದಳು. ಅವನು ಒಂದು ಗಳಿಗೆ ಅದನ್ನೇ ನೋಡಿ, ಕೈ ಒಡ್ಡಿದ.

"ತಾತ, ಉಳಿ?" ಎಂದಿತು ಅಟ್ಟಿಯ ಮೇಲಿಂದ ಅಳಿಲು. "ಗಟ್ಟಿ ಆಗ್ಲಿಲ್ಲ ನಾನು. ಆದ್ರೂ ಕೊಡ್ತೀಯಾ?"

"ನಿಮ್ಮಮ್ಮನ್ನ ಕೇಳು. ಅವಳ ಹಿಡಿ ಹಾಕಿದ ಉಳಿ ಇದ್ರೆ ಕೊಡ್ಲಿ. ನನ್ನದು ನಿಂಗಾಗಲ್ಲ," ಎಂದ ಮೇಸ್ತ್ರಿ. ಆಮೇಲೆ ತನಗೇ ಹೇಳಿಕೊಳ್ಳುವಂತೆ, "ನಂಗೂ ಆಗ್ತಿರ್ಲಿಲ್ಲ," ಎಂದ.

ಗಾಡಿಗೆ ಹಾಕಿ ಮಿಕ್ಕ ಹಲಗೆಯಲ್ಲಿ ಗುಳ್ಳೆ ಸಂಜೆಯ ತಂಪಿನಲ್ಲಿ ಒಂದು ಎತ್ತರದ ಕಾಲುಮಣೆ ಮಾಡಿದಳು. ಅಂಚುಗಳನ್ನೆಲ್ಲ ದುಂಡಗೆ ಉಜ್ಜಿದಳು. ಮೇಲೆ ಕಂಬಳಿಯ ಮೆತ್ತೆ ಕೂರಿಸಿದಳು. ಕೇಳಿದವರಿಗೆ ಯಾರದೆಂದು ಹೇಳಲಿಲ್ಲ. ಬೆಳಿಗ್ಗೆ ಅದು ಮೇಸ್ತ್ರಿಯ ಮೇಜಿನ ಮುಂದಿತ್ತು.

ಮೇಸ್ತ್ರಿ ಅದನ್ನು ತಲೆಕೆಳಗು ಮಾಡಿದ. ಕಾಲು ಅಲ್ಲಾಡಿಸಿ ನೋಡಿದ. ಅಡಿಯಲ್ಲಿದ್ದ ಪುಟ್ಟ ಸೊನ್ನೆಯ ಮೇಲೆ ಹೆಬ್ಬೆರಳಾಡಿಸಿದ.

"ಎತ್ತರ ಸ್ವಲ್ಪ ಸಾಲದು," ಎಂದು ಗೊಣಗಿದ. ಹೊರಗೆ ರಸ್ತೆಯಲ್ಲಿ ಅಳಿಲು ಗಾಡಿ ತಳ್ಳಿಕೊಂಡು ಶಾಲೆಯ ಕಡೆ ಹೊರಟಿತ್ತು, ಹಿಂದೆ ಅದರಮ್ಮ. ತಿರುವಿನಲ್ಲಿ ಮಗು ನಿಂತಿತು, ತನ್ನ ಪಾದ ನೋಡಿಕೊಂಡಿತು, ತಾನಾಗಿಯೇ ಗಾಡಿ ಹತ್ತಿ ಕೂತಿತು. ಗುಳ್ಳೆ ಹಿಡಿಗೆ ಕೈ ಹಾಕಿದಳು.

ಅವರು ಮರೆಯಾದ ಮೇಲೆ ಮೇಸ್ತ್ರಿ ಕಾಲುಮಣೆಯನ್ನು ನೇರ ಮಾಡಿ ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಮೂಲೆಯಲ್ಲಿದ್ದ ಅಳಿಯನ ಕಡೆ ಕಣ್ಣು ಬಿಟ್ಟು, "ಏನು ನೋಡ್ತೀಯ? ಬೀರುಗೆ ಬಳಿ," ಎಂದು ಗದರಿ, ಅದರ ಮೇಲೆ ಕೂತು, ತೋಪಡ ಕೈಗೆತ್ತಿಕೊಂಡ.